ಅಜ್ಜಿಯ ಅಡುಗೆ ನೋಟ್‌ಬುಕ್ಕಿಗೆ ಇಂಗ್ಲಿಷ್ ಅನುವಾದಕರನ್ನು ಹುಡುಕಿದ ಎಂಟು ತಿಂಗಳು

ಮೊನ್ನೆ ಭಾನುವಾರ ರಾತ್ರಿ ಕೊನೆಯ ಫೈಲ್ ಬಂತು. ತೆರೆದ ಕೂಡಲೇ 41ನೇ ಪುಟಕ್ಕೆ ಹೋದೆ. ಅಲ್ಲಿ ‘ಸೆಸಮೆ ಲೀಫ್’ ಅಂತ ಇದೆಯಾ ಅಂತ ನೋಡಿದೆ. ಇರಲಿಲ್ಲ. ಫೋನ್ ಬೋರಲು ಹಾಕಿ ಒಂದು ಲೋಟ ಕಾಫಿ ಬೆರೆಸಿಕೊಂಡೆ. ಮಾರ್ಚ್‌ನಲ್ಲಿ ಹೊತ್ತುಕೊಂಡ ಕೆಲಸ ನವೆಂಬರ್‌ನಲ್ಲಿ ಇಳಿಯಿತು.

ನಾನು ತೀರ್ಥಹಳ್ಳಿ ಕಡೆಯವಳು. ಯಜಮಾನರ ಕೆಲಸದ ದೆಸೆಯಿಂದ ಆರು ವರ್ಷದಿಂದ ದಕ್ಷಿಣ ಕೊರಿಯಾದ ಸುವೊನ್‌ನಲ್ಲಿದ್ದೇವೆ. ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಒಬ್ಬರು ಅಜ್ಜಿ ವಾರಕ್ಕೊಂದು ದಿನ ಅಡುಗೆ ಕಲಿಸುತ್ತಾರೆ. ಆಂದೊಂಗ್ ಅವರ ತವರು. ವಯಸ್ಸು 74. ನಾವೆಲ್ಲ ಅವರನ್ನು ಸೊನ್‌ಸೆಂಗ್‌ನಿಮ್ ಅನ್ನುತ್ತೇವೆ, ಅಂದರೆ ಟೀಚರ್. ಅವರು ನನ್ನನ್ನು ‘ಸೆದೆಕ್’ ಅಂತ ಕರೆಯುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಅಂತ ಅರ್ಥ. ನನ್ನ ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ಆದರೂ ನಾನು ಸೆದೆಕ್ಕೇ.

ಟೀಚರ್ ಹತ್ತಿರ ಒಂದು ದಪ್ಪ ನೋಟ್‌ಬುಕ್ಕಿದೆ. 64 ಅಡುಗೆ. ಅರ್ಧ ತವರಿನ ಮನೆ ಅಡುಗೆ, ಇನ್ನರ್ಧ ಬೌದ್ಧ ಮಠಗಳ ಭಿಕ್ಷುಣಿಯರಿಂದ ಕಲಿತದ್ದು. 2024ರ ಡಿಸೆಂಬರ್‌ನಲ್ಲಿ ಕೊರಿಯಾದ ಜಾಂಗ್ ಮಾಡುವ ಪದ್ಧತಿ, ಅಂದರೆ ಸೋಯಾ ಕಾಳು ಹುದುಗಿಸಿ ಸಾಸು, ಪೇಸ್ಟು ಮಾಡುವ ವಿದ್ಯೆ, ಯುನೆಸ್ಕೊ ಪಟ್ಟಿಗೆ ಸೇರಿತು. ಅದಾದ ಮೇಲೆ ಕ್ಲಾಸಿಗೆ ಹೊರದೇಶದವರು ಬರುವುದು ಜಾಸ್ತಿಯಾಯಿತು. ಎಲ್ಲರೂ ‘ಇಂಗ್ಲಿಷಿನಲ್ಲಿ ಇದೆಯಾ?’ ಅಂತ ಕೇಳುವವರೇ. ಜೊತೆಗೆ ಟೀಚರ್‌ನ ಮೊಮ್ಮಕ್ಕಳು ಕೆನಡಾದಲ್ಲಿದ್ದಾರೆ. ಅವರಿಗೆ ಕೊರಿಯನ್ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಕ್ಲಾಸಿನ 14 ಜನ ತಲೆಗೆ 1 ಲಕ್ಷ 30 ಸಾವಿರ ವೊನ್‌ನಂತೆ ಹಾಕಿ ಇದನ್ನು ಇಂಗ್ಲಿಷಿಗೆ ಮಾಡಿಸೋಣ ಅಂತ ತೀರ್ಮಾನವಾಯಿತು. ಒಟ್ಟು 18 ಲಕ್ಷ 20 ಸಾವಿರ ವೊನ್.

‘ಸೆದೆಕ್, ನಿನಗೆ ಇಂಗ್ಲಿಷ್ ಬರುತ್ತಲ್ಲ, ನೀನೇ ನೋಡ್ಕೋ’ ಅಂದರು ಟೀಚರ್. ಅಷ್ಟೇ. ಹಳ್ಳಕ್ಕೆ ಬಿದ್ದೆ.

‘ನೀನೇ ಅನುವಾದ ಮಾಡಬಹುದಿತ್ತಲ್ಲ?’ ಅಂತ ಎಲ್ಲರೂ ಕೇಳಿದರು. ನನ್ನ ಕೊರಿಯನ್ ಸಂತೆಯ ಕೊರಿಯನ್. ಮೂಲಂಗಿ ಚೌಕಾಸಿ ಮಾಡಲು ಸಾಕು, ಪುಸ್ತಕಕ್ಕೆ ಸಾಲದು.

ಮೊದಲ ತಪ್ಪು ನನ್ನದೇ. ನೋಟ್‌ಬುಕ್ಕಿನ ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದು ಮೂರು ಕಡೆ ಕಳಿಸಿ ‘ಎಷ್ಟಾಗುತ್ತೆ?’ ಅಂತ ಕೇಳಿದೆ. ಯಾರೂ ಬೆಲೆ ಹೇಳಲಿಲ್ಲ. ಕೈಬರಹವನ್ನು ಎಣಿಸಲು ಆಗುವುದಿಲ್ಲ, ಟೈಪ್ ಮಾಡಿ ಕೊಡಿ ಅಂದರು. ಕ್ಲಾಸಿನ ಇಬ್ಬರು ಕೂತು ಟೈಪ್ ಮಾಡಿದರು. ಐದು ವಾರ ಹಿಡಿಯಿತು. ಟೀಚರ್ ಇನ್ನೂ 1989ಕ್ಕೆ ಮುಂಚಿನ ಕಾಗುಣಿತದಲ್ಲಿ ಬರೆಯುತ್ತಾರೆ. ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ಮಧ್ಯೆ ಮಧ್ಯೆ ಸಾಸಿನ ಕಲೆ. ಟೈಪ್ ಆದ ಮೇಲೆ ಎಣಿಸಿದರೆ 9,600 ಪದ.

ಟೈಪ್ ಆದ ಫೈಲ್ ಕೈಗೆ ಬಂದ ರಾತ್ರಿ ಆಸೆ ತಡೆಯಲಾಗದೆ ಫೋನಿನ ಅನುವಾದ ಆ್ಯಪ್‌ಗೆ ಒಂದು ಪುಟ ಹಾಕಿದೆ. ಇಂಗ್ಲಿಷ್ ನೋಡಲು ಚೆನ್ನಾಗೇ ಇತ್ತು. ಮೂರನೇ ಸಾಲಿನಲ್ಲಿ ‘ಒಂದು ಉಪ್ಪು ಕುದಿಸಿ’ ಅಂತ ಬಂತು. ಉಪ್ಪನ್ನು ಯಾರಾದರೂ ಒಂದು, ಎರಡು ಅಂತ ಎಣಿಸುತ್ತಾರಾ? ಹುಡುಕಿದಾಗ ಗೊತ್ತಾಯಿತು. ಟೀಚರ್ ಬರೆದದ್ದು ‘ಹನ್‌ಸೊಕ್ಕುಮ್’. ಟೈಪ್ ಮಾಡಿದವರು ಒಂದು ಅಕ್ಷರ ಮೆತ್ತಗೆ ಮಾಡಿ ‘ಹನ್‌ಸೊಗುಮ್’ ಅಂತ ಹೊಡೆದಿದ್ದರು. ಕೊರಿಯನ್‌ನಲ್ಲಿ ‘ಹನ್’ ಅಂದರೆ ಒಂದು, ‘ಸೊಗುಮ್’ ಅಂದರೆ ಉಪ್ಪು. ಹನ್‌ಸೊಕ್ಕುಮ್ ಅಂದರೆ ಬೇರೆಯೇ. ನನ್ನಮ್ಮ ಸಾರಿಗೆ ಹೇಳುವ ‘ಒಂದು ಕುದಿ ಬರಿಸು’ ಅನ್ನುವುದಿದೆಯಲ್ಲ, ಸರಿಯಾಗಿ ಅದೇ.

ಇಂಥ ಎಡವಟ್ಟು ಹೊಸದೇನಲ್ಲ. ಕೊರಿಯಾದ ಹೋಟೆಲ್ ಮೆನುಗಳ ಇಂಗ್ಲಿಷ್ ಇಲ್ಲಿ ಹಳೆಯ ಜೋಕು. ಗೊಮ್‌ತಂಗ್ ಅಂದರೆ ಮೂಳೆ, ಮಾಂಸ ಗಂಟೆಗಟ್ಟಲೆ ಕುದಿಸಿದ ಸಾರು. ಆದರೆ ‘ಗೊಮ್’ ಅಂದರೆ ಕರಡಿ ಅಂತಲೂ ಅರ್ಥವಿದೆ. ಹಾಗಾಗಿ ‘ಬೇರ್ ಸೂಪ್’. ಯುಕ್ಹ್ವೆ ಅಂದರೆ ಹಸಿ ಮಾಂಸದ ಖಾದ್ಯ. ‘ಯುಕ್’ ಅಂದರೆ ಆರು ಕೂಡ, ‘ಹ್ವೆ’ ಅಂದರೆ ಸಲ ಕೂಡ. ಹಾಗಾಗಿ ‘ಸಿಕ್ಸ್ ಟೈಮ್ಸ್’. ಇದನ್ನು ಸರಿ ಮಾಡಲೆಂದೇ ಸರ್ಕಾರದ ಕಡೆಯಿಂದ ಖಾದ್ಯಗಳ ಹೆಸರಿಗೆ ಪ್ರಮಾಣಿತ ಇಂಗ್ಲಿಷ್ ಪಟ್ಟಿಗಳು ಬಂದಿವೆ. ಹೆಸರಿಗೆ ಅವು ಸಾಕು. ಮಾಡುವ ವಿಧಾನಕ್ಕೆ ಮನುಷ್ಯರೇ ಬೇಕು.

ಜೂನ್‌ನಲ್ಲಿ ಅನುವಾದ ಕಚೇರಿಗಳ ಬಾಗಿಲು ತಟ್ಟಿದೆ. ಇಲ್ಲಿ ಬೀದಿಯಲ್ಲಿ ಬೋರ್ಡ್ ಹಾಕಿಕೊಂಡ ಬಹಳಷ್ಟು ಕಚೇರಿಗಳ ಮುಖ್ಯ ಕೆಲಸ ಜನನ ಪ್ರಮಾಣಪತ್ರ, ಡಿಗ್ರಿ ಸರ್ಟಿಫಿಕೇಟ್, ವೀಸಾ ಕಾಗದ. ಮೊದಲನೆಯ ಕಚೇರಿಯಾಕೆ ನನ್ನ ಫೈಲ್ ತೆರೆಯುವ ಮೊದಲೇ ‘ನೋಟರಿ ಬೇಕಾ, ಅಪೊಸ್ಟಿಲ್ ಬೇಕಾ?’ ಅಂದರು. ಅಪೊಸ್ಟಿಲ್ ಅಂದರೆ ಕಾಗದ ಹೊರದೇಶದಲ್ಲೂ ನಡೆಯಲಿ ಅಂತ ಹಾಕಿಸುವ ಸರ್ಕಾರಿ ದೃಢೀಕರಣ. ಪಲ್ಯಕ್ಕೆ ಅಪೊಸ್ಟಿಲ್! ಬೇಡ ಅಂದೆ. ಮುಖ ಸಪ್ಪಗಾಯಿತು. ಎರಡನೆಯ ಕಡೆ ಪದಕ್ಕೆ 90 ವೊನ್ ಅಂದರು, ಲೆಕ್ಕ ಹಾಕಿದರೆ 8 ಲಕ್ಷ 64 ಸಾವಿರ. ಅಯ್ಯೋ ಇಷ್ಟೇನಾ ಅಂತ ಖುಷಿಯಾದೆ. ಕೊಟೇಶನ್ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ‘ವ್ಯಾಟ್ ಪ್ರತ್ಯೇಕ’ ಅಂತಿತ್ತು. ಇಲ್ಲಿ ಅದು 10 ಪ್ರತಿಶತ. ಮೂರನೆಯವರು ಇಂಗ್ಲಿಷ್ ಪದಕ್ಕೆ 60 ವೊನ್ ಅಂದರು. ಅದು ಇನ್ನೂ ಅಗ್ಗ ಅನ್ನಿಸಿತು.

ಇಲ್ಲೊಂದು ವಿಷಯ ಹೇಳಲೇಬೇಕು. ಯಾವ ಭಾಷೆಯ ಪದ ಎಣಿಸುತ್ತಾರೆ ಅಂತ ಮೊದಲು ಕೇಳಿ. ಕೊರಿಯನ್ ನಮ್ಮ ಕನ್ನಡದ ಹಾಗೆಯೇ. ನಾವು ‘ಮನೆಯಲ್ಲಿ’ ಅಂತ ಒಂದೇ ಪದ ಬರೆದರೆ ಇಂಗ್ಲಿಷಿನಲ್ಲಿ ‘ಇನ್ ದ ಹೌಸ್’ ಅಂತ ಮೂರಾಗುತ್ತದೆ. ಕೊರಿಯನ್‌ನಲ್ಲೂ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ. ಆಮೇಲೆ ಪರೀಕ್ಷೆಗೆ ಕೊಟ್ಟ 600 ಕೊರಿಯನ್ ಪದ ಇಂಗ್ಲಿಷಿನಲ್ಲಿ 1,250 ಆಯಿತು. ಅಂದರೆ 60 ವೊನ್‌ನ ಆ ಅಗ್ಗದ ದರ ಕೊನೆಗೆ 12 ಲಕ್ಷ ಮುಟ್ಟುತ್ತಿತ್ತು.

ನಾನು ಕಚೇರಿಗಳನ್ನು ಬಿಟ್ಟದ್ದು ಬೆಲೆಗಲ್ಲ. ‘ಅನುವಾದ ಮಾಡುವವರು ಯಾರು? ಅವರ ಜೊತೆ ನಾನು ಮಾತಾಡಬಹುದಾ?’ ಅಂತ ಕೇಳಿದೆ. ಮೂರೂ ಕಡೆ ಒಂದೇ ಉತ್ತರ: ಹೆಸರು ಹೇಳುವುದಿಲ್ಲ, ಪ್ರಶ್ನೆಗಳಿದ್ದರೆ ಮ್ಯಾನೇಜರ್ ಮೂಲಕ. ‘ಅವರಿಗೆ ಅಡುಗೆ ಬರುತ್ತಾ?’ ಅಂತಲೂ ಕೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

ಆಮೇಲೆ ಒಂದಷ್ಟು ದಿನ ಸುಮ್ನೆ ಅಲೆದಾಟ. ಕೊರಿಯಾದ ಸಾಹಿತ್ಯ ಅನುವಾದ ಸಂಸ್ಥೆ ಅನುವಾದಕ್ಕೆ ಸಹಾಯಧನ ಕೊಡುತ್ತದೆ ಅಂತ ಯಾರೋ ಹೇಳಿದರು. ಅದು ಕಥೆ, ಕವಿತೆ, ಕಾದಂಬರಿಯವರಿಗೆ. ನಮ್ಮ ಸೊಪ್ಪಿನ ಪಲ್ಯಕ್ಕಲ್ಲ. ಬೆಂಗಳೂರಿನಲ್ಲಿ ನನ್ನ ಗೆಳತಿಯೊಬ್ಬಳು ಕೊರಿಯನ್ ದುಭಾಷಿ. ವಾಹನ ಬಿಡಿಭಾಗದ ಕಂಪನಿಗಳಿಗೆ ಕೆಲಸ ಮಾಡುತ್ತಾಳೆ. ಒಂದು ಪುಟ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಮಾಡಿದಳು. ‘ಗೇರ್‌ಬಾಕ್ಸ್ ಇದ್ರೆ ಹೇಳೇ, ಈ ಸೊಪ್ಪುಸದೆ ನನ್ನ ಕೈಲಾಗಲ್ಲ’ ಅಂದಳು. ಆ ಪ್ರಾಮಾಣಿಕತೆಗೆ ಕೈ ಮುಗಿಯಬೇಕು. ಆಗಲ್ಲ ಅಂತ ಬಾಯಿಬಿಟ್ಟು ಹೇಳಿದ್ದು ಎಂಟು ತಿಂಗಳಲ್ಲಿ ಅವಳೊಬ್ಬಳೇ.

ರಾಜಧಾನಿ ಸೋಲ್‌ನಲ್ಲಿ ಹಂಕುಕ್ ವಿದೇಶಿ ಭಾಷಾ ವಿಶ್ವವಿದ್ಯಾಲಯ, ಇಹ್ವಾ ಮಹಿಳಾ ವಿಶ್ವವಿದ್ಯಾಲಯ, ಇವೆರಡರಲ್ಲೂ ಅನುವಾದ ಮತ್ತು ದುಭಾಷಿ ವಿದ್ಯೆಗೇ ಮೀಸಲಾದ ಸ್ನಾತಕೋತ್ತರ ಶಾಲೆಗಳಿವೆ. ಅಲ್ಲಿ ಓದಿದವರು ಸ್ವತಂತ್ರವಾಗಿ ಕೆಲಸ ತೆಗೆದುಕೊಳ್ಳುತ್ತಾರೆ. ಕ್ಲಾಸಿನವರ ಮಗಳೊಬ್ಬಳ ಪರಿಚಯದಿಂದ ಇಬ್ಬರು ಸಿಕ್ಕರು. ಫ್ರೀಲಾನ್ಸರ್‌ಗಳ ಆ್ಯಪ್‌ನಲ್ಲಿ ಇನ್ನಿಬ್ಬರು. ಒಟ್ಟು ನಾಲ್ಕು. ನಾಲ್ವರಿಗೂ ಒಂದೇ ಪರೀಕ್ಷೆ: ನಾಲ್ಕು ಸಣ್ಣ ಅಡುಗೆ, ಒಟ್ಟು 600 ಪದ. ಪರೀಕ್ಷೆಗೂ ದುಡ್ಡು ಕೊಟ್ಟೆ, ತಲೆಗೆ 60 ಸಾವಿರ ವೊನ್. ಕ್ಲಾಸಿನಲ್ಲಿ ಕೆಲವರು ‘ಪುಕ್ಕಟೆ ಸ್ಯಾಂಪಲ್ ಕೇಳಬಹುದಿತ್ತು’ ಅಂತ ಗೊಣಗಿದರು. ಪುಕ್ಕಟೆ ಕೇಳಿದರೆ ಎರಡು ಸಾಲು ಚೆಂದ ಮಾಡಿ ಕಳಿಸುತ್ತಾರೆ. ದುಡ್ಡು ಕೊಟ್ಟರೆ ನಿಜವಾದ ಕೆಲಸ ಹೇಗಿರುತ್ತದೋ ಹಾಗೆ ಬರುತ್ತದೆ. ನನ್ನ ಮಟ್ಟಿಗೆ ಈ 2 ಲಕ್ಷ 40 ಸಾವಿರ ವೊನ್ ಇಡೀ ಖರ್ಚಿನಲ್ಲೇ ಸಾರ್ಥಕವಾದದ್ದು.

ನಾಲ್ಕು ಅಡುಗೆಗಳನ್ನು ನಾನು ಬೇಕಂತಲೇ ಆರಿಸಿದ್ದೆ. ಒಂದೊಂದರಲ್ಲೂ ಒಂದು ಗುಂಡಿ.

ಮೊದಲನೆಯದು ಕ್ಕೆನ್ನಿಪ್ ಉಪ್ಪಿನಕಾಯಿ. ಕ್ಕೆನ್ನಿಪ್ ಒಂದು ಅಗಲವಾದ ಎಲೆ, ಸೋಂಪು, ಪುದೀನ ಎರಡೂ ಸೇರಿದ ಥರ ಘಮ. ಗಿಡದ ಹೆಸರು ದುಲ್‌ಕ್ಕೆ, ಅಂದರೆ ಹೊಲದ ಎಳ್ಳು. ನಿಜವಾದ ಎಳ್ಳಿಗೆ ಛಮ್‌ಕ್ಕೆ ಅನ್ನುತ್ತಾರೆ. ಹೆಸರಲ್ಲಿ ಎಳ್ಳಿದೆ ಅಂತ ಬಹಳ ಜನ ಇಂಗ್ಲಿಷಿನಲ್ಲಿ ‘ಸೆಸಮೆ ಲೀಫ್’ ಅಂತ ಬರೆದುಬಿಡುತ್ತಾರೆ. ಅದು ಎಳ್ಳೇ ಅಲ್ಲ, ಪೆರಿಲ್ಲಾ. ಹುಚ್ಚೆಳ್ಳಿಗೆ ಯಾರಾದರೂ ‘ಮ್ಯಾಡ್ ಸೆಸಮೆ’ ಅಂತ ಬರೆದರೆ ನಮಗೆ ಹೇಗಾಗುತ್ತೆ, ಹಾಗೆ. ನಾಲ್ವರಲ್ಲಿ ಇಬ್ಬರು ಈ ಗುಂಡಿಗೆ ಬಿದ್ದರು. ಅದರಲ್ಲಿ ಒಬ್ಬರ ಮಾತೃಭಾಷೆಯೇ ಇಂಗ್ಲಿಷ್. ಅವರ ವಾಕ್ಯಗಳು ನೀರು ಹರಿದ ಹಾಗಿದ್ದವು, ಎಲೆ ಮಾತ್ರ ಬೇರೆ ಗಿಡದ್ದು.

ಎರಡನೆಯದು ಜೊಂಗುಜಿ ದೋಸೆ. ದೋಸೆ ಅಂದದ್ದು ನಾನು, ಕಾವಲಿಯ ಮೇಲೆ ಎಣ್ಣೆಯಲ್ಲಿ ಹುಯ್ಯುವಂಥದ್ದು. ಜೊಂಗುಜಿ ಅಂದರೆ ಬೆಳ್ಳುಳ್ಳಿ ವಾಸನೆಯ ಒಂದು ಹುಲ್ಲಿನಂಥ ಸೊಪ್ಪು. ಸೋಲ್‌ನವರು ಅದನ್ನು ಬುಚು ಅನ್ನುತ್ತಾರೆ. ಜೊಂಗುಜಿ ಟೀಚರ್‌ನ ಕಡೆಯ, ಗ್ಯೊಂಗ್ಸಾಂಗ್ ಸೀಮೆಯ ಮಾತು. ಸೋಲ್‌ನಲ್ಲೇ ಬೆಳೆದ ಹುಡುಗನೊಬ್ಬ ಅದನ್ನು ಊರಿನ ಹೆಸರು ಅಂದುಕೊಂಡು ‘ಜೊಂಗುಜಿ ಶೈಲಿಯ ಪ್ಯಾನ್‌ಕೇಕ್’ ಅಂತ ಬರೆದ. ಪದಾರ್ಥಗಳ ಪಟ್ಟಿಯಲ್ಲಿ ಸೊಪ್ಪೇ ಇಲ್ಲ. ಹಿಟ್ಟು, ನೀರು, ಉಪ್ಪು ಅಷ್ಟೇ.

ಮೂರನೆಯದು ಆಂದೊಂಗ್ ಶಿಖ್ಯೆ. ಸಾಮಾನ್ಯ ಶಿಖ್ಯೆ ಅಂದರೆ ಮೊಳಕೆ ಬಾರ್ಲಿಯ ನೀರಿನಲ್ಲಿ ಅನ್ನ ಹಾಕಿ ಮಾಡುವ ಸಿಹಿ ಪಾನಕ. ಆಂದೊಂಗ್‌ನವರು ಅದಕ್ಕೆ ಮೂಲಂಗಿ, ಶುಂಠಿ, ಮೆಣಸಿನಪುಡಿಯ ನೀರು ಹಾಕುತ್ತಾರೆ. ಕೆಂಪಗಿರುತ್ತದೆ. ಇನ್ನೊಂದು ಕಡೆ ಶಿಖೆ ಅಂತ ಬೇರೆಯೇ ಇದೆ, ಮೀನನ್ನು ಧಾನ್ಯದ ಜೊತೆ ಹುದುಗಿಸಿದ್ದು. ಕಿವಿಗೆ ಎರಡೂ ಹೆಚ್ಚು ಕಡಿಮೆ ಒಂದೇ. ಒಬ್ಬರು ‘ಸ್ವೀಟ್ ರೈಸ್ ಪಂಚ್’ ಅಂತ ಶೀರ್ಷಿಕೆ ಕೊಟ್ಟು, ಮೆಣಸಿನಪುಡಿ ತಪ್ಪಾಗಿ ಬಂದಿರಬೇಕು ಅಂತ ತೆಗೆದೇ ಹಾಕಿದ್ದರು. ಇನ್ನೊಬ್ಬರು ಮೀನು ಬಿಟ್ಟುಹೋಗಿದೆಯಾ ಅಂತ ಕೇಳಿದರು. ಕೇಳಿದ್ದು ತಪ್ಪು ಪ್ರಶ್ನೆ. ಆದರೂ ಕೇಳಿದರಲ್ಲ ಅಂತ ಸಮಾಧಾನವಾಯಿತು.

ನಾಲ್ಕನೆಯದೇ ನಿಜವಾದ ಪರೀಕ್ಷೆ: ಗೊಸಾರಿ ಪಲ್ಯ. ಗೊಸಾರಿ ಅಂದರೆ ಜರಿಗಿಡದ ಎಳೆಯ ಸುರುಳಿ ಕುಡಿ. ನಮ್ಮ ಕಳಲೆಯ ಹಾಗೆ, ಹಸಿಯಾಗಿ ತಿಂದರೆ ವಿಷ. ಕುದಿಸಿ, ನೀರು ಬಸಿದು, ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಬೇಯಿಸಬೇಕು. ಟೀಚರ್ ಬರೆದದ್ದು ಎರಡೇ ಪದ: ‘ನೆನೆದ ಗೊಸಾರಿ’. ಉಳಿದದ್ದು ಎಲ್ಲರಿಗೂ ಗೊತ್ತು ಅಂತ ಅವರ ಲೆಕ್ಕ. ಕಳಲೆ ಹುಳಿ ಬರೆಯುವಾಗ ನನ್ನಮ್ಮನೂ ‘ಮೂರು ದಿನ ನೀರು ಬದಲಿಸು’ ಅಂತ ಬರೆಯುವುದಿಲ್ಲ.

ನಾಲ್ಕು ಅನುವಾದಗಳನ್ನೂ ಪ್ರಿಂಟ್ ತೆಗೆದು ಯಜಮಾನರ ಕೈಗೆ ಕೊಟ್ಟೆ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಅಡುಗೆ ಬರುವುದಿಲ್ಲ. ಇಂಥವರೇ ಬೇಕಿತ್ತು. ‘ಇದರಲ್ಲಿ ಬರೆದಷ್ಟೇ ಮಾಡಿ. ನನ್ನನ್ನು ಏನೂ ಕೇಳಬೇಡಿ’ ಅಂದೆ. ಒಣ ಗೊಸಾರಿಯನ್ನು ಅರ್ಧ ಗಂಟೆ ಬಿಸಿನೀರಲ್ಲಿ ನೆನೆಸಿ ಬಾಣಲೆಗೆ ಹಾಕಲು ಹೊರಟರು. ಅದು ತೆಂಗಿನ ನಾರಿನ ಹಗ್ಗದ ಹಾಗಿತ್ತು. ನಾನೇ ತಡೆದೆ. ತಿನ್ನುವಂಥದ್ದಲ್ಲ ಅದು. ಮೂರು ಅನುವಾದಗಳಲ್ಲಿ ಇದೇ ಕಥೆ.

ನಾಲ್ಕನೆಯವರಿಂದ ಅನುವಾದ ಬರುವ ಮೊದಲು ಒಂದು ಪಟ್ಟಿ ಬಂದಿತ್ತು. ಹದಿನಾಲ್ಕು ಪ್ರಶ್ನೆ. ಗೊಸಾರಿ ಒಣಗಿದ್ದಾ, ಬೇಯಿಸಿಟ್ಟದ್ದಾ? ‘ಗಾನ್‌ಜಾಂಗ್’ ಅಂದರೆ ಯಾವ ಸೋಯಾ ಸಾಸ್, ಸಾರಿಗೆ ಹಾಕುವುದಾ, ಬೇರೆಯದಾ? ಟೀಚರ್ ಯಾವ ಊರಿನವರು? ಚಮಚ ಅಂದರೆ ಅಳತೆ ಚಮಚವಾ, ಊಟದ ಚಮಚವಾ? ಒಂದು ಹಿಡಿ ಅಂದರೆ ಯಾರ ಹಿಡಿ?

ಕೊನೆಯ ಪ್ರಶ್ನೆ ಓದಿ ಇವರೇ ಅಂತ ನಿರ್ಧಾರ ಮಾಡಿದೆ. ಸೋಯಾ ಸಾಸಿನ ಪ್ರಶ್ನೆಯೂ ಸಣ್ಣದಲ್ಲ. ಸಾರಿಗೆ ಹಾಕುವ ಗುಕ್‌ಗಾನ್‌ಜಾಂಗ್ ಬಣ್ಣ ತೆಳು, ಉಪ್ಪು ಜಾಸ್ತಿ. ಬೇಯಿಸಿ ಬತ್ತಿಸುವ ಅಡುಗೆಗೆ ಹಾಕುವುದು ಬೇರೆ, ಕಪ್ಪಗೆ, ಸ್ವಲ್ಪ ಸಿಹಿ. ಇಂಗ್ಲಿಷಿನಲ್ಲಿ ಎರಡಕ್ಕೂ ಬರೀ ‘ಸೋಯಾ ಸಾಸ್’ ಅಂದರೆ ಕೆನಡಾದ ಮೊಮ್ಮಗಳು ಮಾಡಿದ ಪಲ್ಯ ಕಪ್ಪಾಗಿ, ಸಿಹಿಯಾಗಿ ಕೂರುತ್ತದೆ.

ಈ ಅನುವಾದಕಿ ಬೆಳೆದದ್ದು ದೆಗುನಲ್ಲಿ, ಅದೂ ಗ್ಯೊಂಗ್ಸಾಂಗ್ ಸೀಮೆಯ ಊರೇ. ಹಾಗಾಗಿ ಜೊಂಗುಜಿ ಅವರಿಗೆ ಮನೆ ಮಾತು. ಕಾಲೇಜು ಓದಿದ್ದು ಹೊರದೇಶದಲ್ಲಿ. ಅವರ ಇಂಗ್ಲಿಷ್ ಸ್ವಲ್ಪ ಬಿಗಿ. ಅದನ್ನು ಅವರೇ ಹೇಳಿದರು. ‘ಕೊನೆಯಲ್ಲಿ ಒಬ್ಬ ಇಂಗ್ಲಿಷ್ ಸಂಪಾದಕರ ಕೈಯಲ್ಲಿ ಓದಿಸಿ, ನನಗೆ ಗೊತ್ತಿರುವವರಿದ್ದಾರೆ’ ಅಂದರು. ಅದಕ್ಕೆ ಬೇರೆ ದುಡ್ಡು.

ಅವರ ಪ್ರಶ್ನೆಗಳಿಗೆ ಉತ್ತರ ಹುಡುಕಲು ಆಗಸ್ಟ್‌ನ ಒಂದು ಶನಿವಾರ ನಾನು ಡಿಜಿಟಲ್ ತಕ್ಕಡಿ ಹಿಡಿದುಕೊಂಡು ಟೀಚರ್ ಮನೆಗೆ ಹೋದೆ. ಅವರ ಊಟದ ಚಮಚದಲ್ಲಿ ನೀರು ತುಂಬಿ ತೂಗಿದೆ. 11 ಗ್ರಾಂ. ಅಳತೆ ಚಮಚದಲ್ಲಿ 15 ಮಿಲಿ ಹಿಡಿಯುತ್ತದೆ. ಅಂದರೆ ಇಡೀ ಪುಸ್ತಕದಲ್ಲಿ ಉಪ್ಪು, ಸಾಸು ಎಲ್ಲ ಹೆಚ್ಚಾಗುತ್ತಿತ್ತು. ಕಪ್ ಇನ್ನೊಂದು ತಕರಾರು. ಕೊರಿಯಾದ ಅಡುಗೆ ಕಪ್ 200 ಮಿಲಿ, ಅಮೆರಿಕದ್ದು ಸುಮಾರು 240. ‘ಗುನ್’ ಅಂತ ಒಂದು ಹಳೆಯ ತೂಕವಿದೆ. ಮಾಂಸಕ್ಕೆ, ಮೆಣಸಿನಪುಡಿಗೆ ಅದು 600 ಗ್ರಾಂ, ತರಕಾರಿಗೆ 400. ಒಂದೇ ಹೆಸರು, ಎರಡು ತೂಕ. ನಮ್ಮಲ್ಲೂ ಸೇರು ಊರಿಂದೂರಿಗೆ ಬೇರೆ ಇತ್ತಲ್ವಾ. ಆಮೇಲೆ ಅವರ ಒಂದು ಹಿಡಿ ಒಣ ಗೊಸಾರಿ ತೂಗಿದೆ, 50 ಗ್ರಾಂ. ನನ್ನ ಹಿಡಿ 38. ಟೀಚರ್ ತಕ್ಕಡಿಯನ್ನೇ ನೋಡುತ್ತಿದ್ದರು. ‘ಸೆದೆಕ್, ನಲವತ್ತು ವರ್ಷ ಮಾಡಿದೀನಿ, ಒಂದು ದಿನವೂ ತೂಗಿಲ್ಲ’ ಅಂದರು. ಸ್ವಲ್ಪ ಬೇಜಾರಾಗಿತ್ತು ಅವರಿಗೆ. ನಾನು ಅವರ ಕೈಯನ್ನೇ ನಂಬುತ್ತಿಲ್ಲ ಅನ್ನಿಸಿರಬೇಕು. ಹಾಗಲ್ಲ ಅಂತ ಹೇಳುವಷ್ಟು ಕೊರಿಯನ್ ನನಗೆ ಆ ಹೊತ್ತಿಗೆ ಒದಗಲಿಲ್ಲ. ಪಾತ್ರೆ ತೊಳೆದು ಕೊಟ್ಟು ಬಂದೆ.

ಸೆಪ್ಟೆಂಬರ್‌ನಲ್ಲಿ ಕರಾರು. ಎರಡು ಪುಟ, ಕೊರಿಯನ್‌ನಲ್ಲಿ. ಕೊರಿಯನ್ ಪದಕ್ಕೆ 130 ವೊನ್. ಪರೀಕ್ಷೆಯ 600 ಬಿಟ್ಟು 9,000 ಪದಕ್ಕೆ 11 ಲಕ್ಷ 70 ಸಾವಿರ. ಅರ್ಧ ಮುಂಗಡ, ಉಳಿದದ್ದು ಕೊನೆಗೆ. ಎರಡು ಸಲ ತಿದ್ದುಪಡಿ ಉಚಿತ. ಪುಸ್ತಕದಲ್ಲಿ ಅವರ ಹೆಸರು. ಹಕ್ಕಿನ ಮಾತು ನಾನು ಮರೆತಿದ್ದೆ, ಅವರೇ ನೆನಪಿಸಿದರು. ಇಲ್ಲಿನ ಕಾನೂನಿನಲ್ಲಿ ಅನುವಾದಕ್ಕೆ ಅದರದೇ ಹಕ್ಕುಸ್ವಾಮ್ಯ ಇದೆ, ಅದು ಅನುವಾದಕರದ್ದು. ನಾಳೆ ಟೀಚರ್ ಎರಡನೇ ಸಲ ಅಚ್ಚು ಹಾಕಿಸಬೇಕೆಂದರೆ ತೊಂದರೆಯಾಗಬಾರದು ಅಲ್ವಾ. ಅದನ್ನೂ ಬರೆದುಕೊಂಡೆವು. ಇನ್ನೊಂದು: ಕೊಡುವವರು ಕಂಪನಿಯಾದರೆ ಫ್ರೀಲಾನ್ಸರ್‌ಗೆ ಕೊಡುವ ದುಡ್ಡಿನಲ್ಲಿ 3.3 ಪ್ರತಿಶತ ತೆರಿಗೆ ಮೊದಲೇ ಹಿಡಿಯಬೇಕು. ಹೇಳಿದ ದರ ಅದನ್ನು ಕಳೆದ ಮೇಲಿನದಾ, ಮೊದಲಿನದಾ ಅಂತ ಬರೆಸಿಕೊಳ್ಳಿ. ನಾವು ಬರೀ ಒಂದು ಅಡುಗೆ ಕ್ಲಾಸು. ಆ ರಗಳೆ ನಮಗೆ ಬರಲಿಲ್ಲ.

ಅಕ್ಟೋಬರ್ 10ಕ್ಕೆ ಮೊದಲ ಕರಡು ಅಂತ ಕರಾರಾಗಿತ್ತು. 2025ರಲ್ಲಿ ಛುಸೊಕ್ ಹಬ್ಬ ಅಕ್ಟೋಬರ್ 6ಕ್ಕೆ ಬಿತ್ತು. 3ರಂದು ಒಂದು ರಾಷ್ಟ್ರೀಯ ರಜೆ, 9ರಂದು ಹಂಗುಲ್ ಲಿಪಿಯ ದಿನ. ಒಂದು ವಾರ ದೇಶವೇ ಬಾಗಿಲು ಹಾಕಿತ್ತು. ಕರಡು ಬಂದದ್ದು 20ಕ್ಕೆ. ಅವರ ತಪ್ಪಲ್ಲ, ಕ್ಯಾಲೆಂಡರ್ ನೋಡದ ನನ್ನ ತಪ್ಪು. ಆ ಹತ್ತು ದಿನ ಮಾತ್ರ ನಿದ್ದೆ ಸರಿ ಬರಲಿಲ್ಲ. ಹದಿನಾಲ್ಕು ಜನರ ದುಡ್ಡು, ಅದರಲ್ಲಿ ಅರ್ಧ ಕೊಟ್ಟಾಗಿದೆ.

ಕರಡು ಓದುತ್ತಾ ಒಂದು ಕಡೆ ನಿಂತೆ. ಟೀಚರ್ ಒಂದು ಅಡುಗೆಯ ಕೊನೆಗೆ ‘ಇದಕ್ಕೆ ಸೊನ್‌ಮತ್ ಬೇಕು’ ಅಂತ ಬರೆದಿದ್ದಾರೆ. ‘ಸೊನ್’ ಅಂದರೆ ಕೈ, ‘ಮತ್’ ಅಂದರೆ ರುಚಿ. ಅನುವಾದಕಿ ಅದನ್ನು ಕೊರಿಯನ್ ಪದವಾಗಿಯೇ ಬಿಟ್ಟು ಎರಡು ಸಾಲಿನ ವಿವರಣೆ ಕೊಟ್ಟಿದ್ದರು. ‘ಇದಕ್ಕೆ ಇಂಗ್ಲಿಷಿನಲ್ಲಿ ಪದವಿಲ್ಲ, ಸಾರಿ’ ಅಂತ ಬದಿಯಲ್ಲಿ ಟಿಪ್ಪಣಿ. ನಮ್ಮ ಭಾಷೆಯಲ್ಲಿದೆ, ಕೈರುಚಿ, ಅದೇ ಎರಡು ಪದ ಅದೇ ಕ್ರಮದಲ್ಲಿ ಅಂತ ಬರೆದು ಕಳಿಸಿದೆ. ಪುಸ್ತಕಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಸುಮ್ನೆ ಹೇಳಬೇಕು ಅನ್ನಿಸಿತು. ‘ಜೊಕ್‌ದಂಗ್‌ಹಿ’ ಅಂತ ಇನ್ನೊಂದು ಪದ ನೋಟ್‌ಬುಕ್ಕಿನ ತುಂಬ ಇತ್ತು. ಎಷ್ಟು ಬೇಕೋ ಅಷ್ಟು, ಹದವಾಗಿ. ಆ ಹದಕ್ಕೆಲ್ಲ ಗ್ರಾಂ ಹಾಕಿದ್ದು ನಮ್ಮ ಶನಿವಾರದ ತಕ್ಕಡಿ.

ಕೊನೆಯ ತೊಡಕು ಬಂದದ್ದು ಮಠದ ಅಡುಗೆಗಳ ಮುನ್ನುಡಿಯಲ್ಲಿ. ಅಲ್ಲಿನ ಭಿಕ್ಷುಗಳು ಐದು ಘಾಟಿನ ಪದಾರ್ಥ ತಿನ್ನುವುದಿಲ್ಲ. ಅದಕ್ಕೆ ಒಶಿಂಚೆ ಅಂತ ಹೆಸರು. ಬೆಳ್ಳುಳ್ಳಿ, ಈರುಳ್ಳಿ ಹೂವಿನ ಥರದ ಹಸಿ ಕಾಂಡ, ಬುಚು, ದಲ್ಲೆ ಅನ್ನುವ ಕಾಡು ಸೊಪ್ಪು, ಐದನೆಯದು ಹುಂಗೊ. ಅನುವಾದಕಿ ಬರೆದರು: ‘ಹುಂಗೊ ಕೊರಿಯಾದಲ್ಲಿ ಬೆಳೆಯುವುದಿಲ್ಲ. ಟೀಚರ್ ಕೂಡ ನೋಡಿಲ್ಲವಂತೆ. ಕೆಲವರು ಅದರ ಜಾಗದಲ್ಲಿ ಈರುಳ್ಳಿ ಅಂತ ಬರೆಯುತ್ತಾರೆ. ಏನು ಮಾಡಲಿ?’

ಆ ಮೆಸೇಜ್ ಬಂದಾಗ ನಾನು ಮೆಟ್ರೋದಲ್ಲಿದ್ದೆ. ನಿಘಂಟು ತೆರೆದೆ. ಚೀನೀ ಲಿಪಿಯಿಂದ ಬಂದ ಪದ, ಅಲ್ಲಿಗೆ ಬಂದದ್ದು ಸಂಸ್ಕೃತದ ಹಿಂಗುವಿನಿಂದ. ಹಿಂಗು! ಹುಂಗೊ ಅಂದರೆ ಇಂಗು. ಮೆಟ್ರೋದಲ್ಲಿ ಒಬ್ಬಳೇ ನಕ್ಕೆ. ನನ್ನ ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿಯ ಪಕ್ಕದಲ್ಲೇ ಕೂತಿದೆ ಅದು. ನಮ್ಮ ಮನೆಯಲ್ಲಿ ಹಬ್ಬದ ದಿನ ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ಅದಕ್ಕೇ ಇಂಗು ಜಾಸ್ತಿ. ಇಲ್ಲಿನ ಮಠದವರು ಮೂರನ್ನೂ ಒಟ್ಟಿಗೆ ಹೊರಗೆ ಹಾಕಿದ್ದಾರೆ, ಅದೂ ಒಂದನ್ನು ಕಣ್ಣಲ್ಲೇ ಕಾಣದೆ.

ಮರುವಾರ ಡಬ್ಬಿಯನ್ನು ಕ್ಲಾಸಿಗೆ ತೆಗೆದುಕೊಂಡು ಹೋದೆ. ಟೀಚರ್ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು. ತಲೆ ಹಿಂದಕ್ಕೆ ಹೋಯಿತು. ‘ಇದನ್ನಾ ತಿನ್ನಬೇಡಿ ಅಂದದ್ದು?’ ಅಂದರು. ‘ಸರಿಯಾಗೇ ಅಂದಿದ್ದಾರೆ’. ಆಮೇಲೆ ಮತ್ತೊಂದು ಸಲ ಮೂಸಿದರು.

ಪುಸ್ತಕದಲ್ಲಿ ಈಗ ‘ಅಸಾಫೆಟಿಡಾ’ ಅಂತ ಇದೆ. ಇಂಗ್ಲಿಷ್ ಸಂಪಾದಕರಿಗೆ 4 ಲಕ್ಷ ವೊನ್ ಹೋಯಿತು. ಅವರ ಭಾಗ ಎರಡೇ ವಾರದಲ್ಲಿ ಮುಗಿಯಿತು, ಹೇಳುವಂಥದ್ದೇನೂ ನಡೆಯಲಿಲ್ಲ. ಒಟ್ಟು ಖರ್ಚು 18 ಲಕ್ಷ 10 ಸಾವಿರ ವೊನ್, ನಮ್ಮ ಲೆಕ್ಕದಲ್ಲಿ ಸುಮಾರು 1 ಲಕ್ಷ 10 ಸಾವಿರ ರೂಪಾಯಿ. ಉಳಿದ 10 ಸಾವಿರ ವೊನ್‌ಗೆ ಕ್ಲಾಸಿನವರೆಲ್ಲ ಅಕ್ಕಿ ಕಡುಬು ತಂದು ತಿಂದೆವು. ಅಚ್ಚಿನ ಖರ್ಚು ಟೀಚರ್‌ನ ಮಗನದ್ದು.

ಕೊನೆಯ ಕಂತು ಕಳಿಸಿದ ದಿನ ಅನುವಾದಕಿ ರಸೀದಿಯ ಕೆಳಗೆ ಒಂದು ಸಾಲು ಬರೆದಿದ್ದರು: ಹುಂಗೊ ಹೇಗಿರುತ್ತೆ ಅಂತ ಒಮ್ಮೆ ನೋಡಬೇಕಿತ್ತು. ಎರಡು ಚಮಚ ಇಂಗು ಪ್ಲಾಸ್ಟಿಕ್ ಕವರಿಗೆ ಹಾಕಿ, ಅದರ ಮೇಲೆ ಇನ್ನೆರಡು ಕವರ್ ಸುತ್ತಿ ಅಂಚೆಗೆ ಹಾಕಿದೆ. ಕತ್ತಲಲ್ಲಿಡಿ, ಬಿಗಿಯಾಗಿ ಮುಚ್ಚಿ ಅಂತ ಚೀಟಿಯನ್ನೂ ಇಟ್ಟೆ. ನಿನ್ನೆ ಉತ್ತರ ಬಂತು. ಚೀಟಿ ಓದುವ ಮೊದಲೇ ಕವರ್ ಬಿಚ್ಚಿ ಫ್ರಿಜ್‌ನಲ್ಲಿಟ್ಟುಬಿಟ್ಟಿದ್ದಾರೆ. ಈಗ ಅವರ ಮನೆಯ ಹಾಲು, ಮೊಟ್ಟೆ, ಐಸ್‌ಕ್ರೀಮ್ ಎಲ್ಲವೂ ನಮ್ಮನೆ ಸಾರಿನ ವಾಸನೆಯಂತೆ.